ಹಲ್ಮಿಡಿಯೋ ತಾಳಗುಂದವೋ: ವಿಕಿಪೀಡಿಯದ ಜಗಳ ಬಿಡಿಸುವವರು ಯಾರು, ತಜ್ಞರ ಮಾತಿಗೆ ತೂಕ ಎಷ್ಟು?

ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು? ಶಾಲೆಯಲ್ಲಿ ಓದಿದ ನೆನಪಿನಿಂದ ಬಹಳ ಜನ ತಟ್ಟನೆ ‘ಹಲ್ಮಿಡಿ’ ಎನ್ನುತ್ತಾರೆ. ಬೇಲೂರು ತಾಲ್ಲೂಕಿನ ಆ ಕಲ್ಲನ್ನು 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ನಾವು ಓದಿಕೊಂಡು ಬಂದಿದ್ದೇವೆ. ಆದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಬಳಿ, 2013ರ ಹೊತ್ತಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಗೆದಾಗ ಇನ್ನೊಂದು ಶಾಸನ ಸಿಕ್ಕಿತು. ಅದನ್ನು ಸಿಂಹಕಟಾಂಜನ ಶಾಸನ ಎನ್ನುತ್ತಾರೆ. ಅದು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಎಂಬ ಅಭಿಪ್ರಾಯ ಇಲಾಖೆಯ ಕಡೆಯಿಂದ ಬಂತು.

ಈಗ ಹೀಗೆ ಊಹಿಸಿಕೊಳ್ಳಿ. ಯಾರೋ ಒಬ್ಬರು ವಿಕಿಪೀಡಿಯ ಪುಟದಲ್ಲಿ ‘ಹಲ್ಮಿಡಿ’ ತೆಗೆದು ‘ತಾಳಗುಂದ’ ಎಂದು ಬರೆಯುತ್ತಾರೆ. ಹತ್ತು ನಿಮಿಷದಲ್ಲಿ ಇನ್ನೊಬ್ಬರು ಮತ್ತೆ ‘ಹಲ್ಮಿಡಿ’ ಮಾಡುತ್ತಾರೆ. ಮೊದಲನೆಯವರು ಬಿಡುವುದಿಲ್ಲ. ಅಷ್ಟರಲ್ಲಿ ಮೂರನೆಯವರು ಬಂದು, ‘ನಾನು ಮೂವತ್ತು ವರ್ಷ ಶಾಸನಶಾಸ್ತ್ರ ಪಾಠ ಮಾಡಿದ ಪ್ರಾಧ್ಯಾಪಕ, ನನ್ನ ಮಾತು ಕೇಳಿ’ ಎನ್ನುತ್ತಾರೆ.

ಯಾರ ಮಾತು ನಿಲ್ಲಬೇಕು? ಅದನ್ನು ಹೇಳುವ ಅಧಿಕಾರ ಯಾರಿಗಿರಬೇಕು? ಮೊದಲೆಲ್ಲ ಇದು ವಿಕಿಪೀಡಿಯ ಬರೆಯುವ ಕೆಲವೇ ಜನರ ತಲೆನೋವಾಗಿತ್ತು. ಈಗ ಹಾಗಿಲ್ಲ. ಫೋನಿನಲ್ಲಿ ಹುಡುಕಿದಾಗ ಮೇಲೆ ಕಾಣುವ ಉತ್ತರ ಎಷ್ಟೋ ಸಲ ಅಲ್ಲಿಂದಲೇ ಬಂದಿರುತ್ತದೆ. ಎಐ ಚಾಟ್‌ಬಾಟ್‌ಗಳು ಕಲಿತಿರುವ ಪಠ್ಯದಲ್ಲೂ ವಿಕಿಪೀಡಿಯ ಇದೆ. ಮಕ್ಕಳ ಹೋಮ್‌ವರ್ಕ್ ಕೂಡ ಅಲ್ಲಿಂದಲೇ ಇಳಿಯುತ್ತದೆ, ಅಲ್ವಾ? ಆ ಪುಟದ ಹಿಂದೆ ನಡೆದ ಜಗಳ ಹೇಗೆ ಮುಗಿಯಿತು ಎಂಬುದು ಈಗ ಎಲ್ಲರಿಗೂ ಸಂಬಂಧಪಟ್ಟ ವಿಷಯ.

## ಮೊದಲು ತಜ್ಞರನ್ನೇ ಕೂರಿಸಿ ನೋಡಿದರು

ತಜ್ಞರಿಗೇ ಬರೆಯಲು ಬಿಟ್ಟರೆ ಆಯ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ವಿಕಿಪೀಡಿಯ ಕಟ್ಟಿದವರಿಗೂ ಮೊದಲು ಅನ್ನಿಸಿದ್ದು ಅದೇ. 2000ದ ಮಾರ್ಚ್‌ನಲ್ಲಿ ಜಿಮ್ಮಿ ವೇಲ್ಸ್ ‘ನ್ಯೂಪೀಡಿಯ’ ಎಂಬ ಆನ್‌ಲೈನ್ ವಿಶ್ವಕೋಶ ಶುರು ಮಾಡಿದರು. ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಲ್ಯಾರಿ ಸ್ಯಾಂಗರ್ ಅದರ ಪ್ರಧಾನ ಸಂಪಾದಕ. ಬರೆಯುವವರು ತಜ್ಞರು, ತಿದ್ದುವವರೂ ತಜ್ಞರು. ಒಂದು ಲೇಖನ ಪ್ರಕಟವಾಗಬೇಕಾದರೆ ಏಳು ಹಂತ ದಾಟಬೇಕಿತ್ತು.

ಮೊದಲ ವರ್ಷ ಆ ಏಳು ಹಂತ ದಾಟಿ ಬಂದ ಲೇಖನಗಳು ಸುಮಾರು 20 ಮಾತ್ರ. ತಜ್ಞರು ಕೆಟ್ಟವರೇನಲ್ಲ, ಅವರಿಗೆ ಸಮಯವಿರಲಿಲ್ಲ. ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು. ಪುಕ್ಕಟೆ ಲೇಖನ ತಿದ್ದುವ ಕೆಲಸ ಕೊನೆಗೆ ಬರುತ್ತದೆ. ಹಾಗಾಗಿ 2001ರ ಜನವರಿ 15ರಂದು, ಯಾರು ಬೇಕಾದರೂ ಬರೆಯಬಹುದಾದ ವಿಕಿಪೀಡಿಯವನ್ನು ಪಕ್ಕದಲ್ಲಿ ಶುರು ಮಾಡಿದರು. ಅದು ಕೆಲವೇ ತಿಂಗಳಲ್ಲಿ ಮೂಲ ಯೋಜನೆಯನ್ನೇ ನುಂಗಿಹಾಕಿತು. ನ್ಯೂಪೀಡಿಯ 2003ರಲ್ಲಿ ಮುಚ್ಚಿತು. ಅದೇ ವರ್ಷ ಕನ್ನಡ ವಿಕಿಪೀಡಿಯ ಹುಟ್ಟಿತು.

ಸ್ಯಾಂಗರ್‌ಗೆ ಮಾತ್ರ ಸಮಾಧಾನವಾಗಲಿಲ್ಲ. 2007ರಲ್ಲಿ ಅವರು ‘ಸಿಟಿಜೆಂಡಿಯಂ’ ತೆರೆದರು. ಅಲ್ಲಿ ಎಲ್ಲರೂ ನಿಜ ಹೆಸರಿನಲ್ಲೇ ಬರೆಯಬೇಕು, ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ತಜ್ಞ ಸಂಪಾದಕರ ಮಾತು ನಡೆಯಬೇಕು. ಅದೂ ದೊಡ್ಡದಾಗಿ ಬೆಳೆಯಲಿಲ್ಲ.

ಹಾಗಾದರೆ ಯಾರು ಬೇಕಾದರೂ ಬರೆಯುವ ಕಡೆ ಬರೀ ತಪ್ಪೇ ತುಂಬಿತೇ? 2005ರಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ಆರಿಸಿ, ವಿಕಿಪೀಡಿಯ ಮತ್ತು ಬ್ರಿಟಾನಿಕಾ ವಿಶ್ವಕೋಶದ ಲೇಖನಗಳನ್ನು ತಜ್ಞರಿಂದ ಪರೀಕ್ಷೆ ಮಾಡಿಸಿತು. ಒಂದು ಲೇಖನಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು ಸಿಕ್ಕವು. ಪರೀಕ್ಷೆಯ ರೀತಿ ಸರಿಯಿಲ್ಲ ಎಂದು ಬ್ರಿಟಾನಿಕಾ ಬಲವಾಗಿ ಆಕ್ಷೇಪ ಮಾಡಿತು. ಆದರೂ ಅಂತರ ಇಷ್ಟು ಕಮ್ಮಿ ಇರುತ್ತದೆ ಎಂದು ಬಹಳ ಜನ ಎಣಿಸಿರಲಿಲ್ಲ.

## ನಿರ್ವಾಹಕರ ಕೈಯಲ್ಲಿ ಏನಿದೆ

ಆನ್‌ಲೈನ್ ಚರ್ಚೆಯನ್ನು ಹತೋಟಿಯಲ್ಲಿ ಇಡುವವರಿಗೆ ಸಾಮಾನ್ಯವಾಗಿ ಮಾಡರೇಟರ್ ಎನ್ನುತ್ತಾರೆ. ಕನ್ನಡ ವಿಕಿಪೀಡಿಯದಲ್ಲಿ ಅವರು ‘ನಿರ್ವಾಹಕರು’. ಪುಟ ಅಳಿಸುವುದು, ಜಗಳದ ಪುಟಕ್ಕೆ ಸ್ವಲ್ಪ ದಿನ ಬೀಗ ಹಾಕುವುದು, ಪದೇ ಪದೇ ಹಾಳು ಮಾಡುವವರನ್ನು ತಡೆಯುವುದು ಅವರ ಕೈಯಲ್ಲಿರುವ ಅಧಿಕಾರ. ಸಂಬಳವಿಲ್ಲ. ಇಂಗ್ಲಿಷ್ ವಿಕಿಪೀಡಿಯದವರು ಈ ಹುದ್ದೆಯ ಗುರುತಾಗಿ ನೆಲ ಒರೆಸುವ ಮಾಪ್‌ನ ಚಿತ್ರ ಹಾಕುತ್ತಾರೆ. ಕೆಲಸದ ಸ್ವಭಾವ ಅದರಲ್ಲೇ ಗೊತ್ತಾಗುತ್ತದೆ.

ಹಲ್ಮಿಡಿ ಮೊದಲೋ ತಾಳಗುಂದ ಮೊದಲೋ ಎಂದು ತೀರ್ಪು ಕೊಡುವುದು ಈ ಅಧಿಕಾರದಲ್ಲಿ ಸೇರಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕೃಷ್ಣನ ಪಾತ್ರದವರೂ ಕರ್ಣನ ಪಾತ್ರದವರೂ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಯಾರ ವಾದ ಸರಿ ಎಂದು ಪದ್ಯ ಹಾಡುವ ಭಾಗವತರು ಹೇಳುವುದಿಲ್ಲ. ಮಾತು ಜಾಸ್ತಿ ಆಯಿತು, ದಾರಿ ತಪ್ಪಿತು ಅನ್ನಿಸಿದರೆ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಪ್ರಸಂಗ ಮುಂದಕ್ಕೆ ಹೋಗುತ್ತದೆ. ನಿರ್ವಾಹಕರ ಕೆಲಸ ಹೆಚ್ಚುಕಮ್ಮಿ ಅದೇ. ವ್ಯತ್ಯಾಸ ಏನೆಂದರೆ, ಭಾಗವತರು ಆವತ್ತು ಪಾತ್ರದ ಮಾತಾಡಲು, ಅಂದರೆ ಅರ್ಥ ಹೇಳಲು, ಕೂರುವುದಿಲ್ಲ. ನಿರ್ವಾಹಕರು ಮಾತ್ರ ಬೇರೆ ಹೊತ್ತಿನಲ್ಲಿ ತಾವೂ ಬರೆಯುವವರು, ವಾದ ಮಾಡುವವರು. ಅದಕ್ಕೇ ಒಂದು ಕಟ್ಟುನಿಟ್ಟಾದ ನಿಯಮವಿದೆ: ನೀವೇ ಪಾಲ್ಗೊಂಡ ಜಗಳದಲ್ಲಿ ನಿಮ್ಮ ಅಧಿಕಾರ ಬಳಸುವ ಹಾಗಿಲ್ಲ. ಇನ್ನೊಬ್ಬ ನಿರ್ವಾಹಕರನ್ನು ಕರೆಯಬೇಕು.

ಚರ್ಚೆ ಮುಗಿಸುವಾಗಲೂ ಬರೀ ತಲೆ ಎಣಿಸುವುದಿಲ್ಲ. ‘ನನಗೂ ಹಾಗೇ ಅನ್ನಿಸುತ್ತದೆ’ ಎಂದು ಇಪ್ಪತ್ತು ಜನ ಬರೆದಿರಬಹುದು. ಒಬ್ಬರು ಮಾತ್ರ ಪುಸ್ತಕ, ಪುಟಸಂಖ್ಯೆ, ನಿಯಮ ಮುಂದಿಟ್ಟಿರಬಹುದು. ಆಗ ಆ ಒಬ್ಬರ ಮಾತಿಗೆ ಬೆಲೆ ಜಾಸ್ತಿ. ಹಾಗಾಗಿ ನಿರ್ವಾಹಕರಾಗುವವರಿಗೆ ವಿಷಯ ಜ್ಞಾನಕ್ಕಿಂತ ಬೇರೆ ಗುಣ ಬೇಕು: ಪೂರ್ತಿ ಓದುವ ತಾಳ್ಮೆ, ನಿಯಮದ ತಿಳಿವಳಿಕೆ, ಬೈಸಿಕೊಂಡರೂ ಸಿಟ್ಟಿನಲ್ಲಿ ಬಟನ್ ಒತ್ತದ ಸಂಯಮ.

## ಅವರನ್ನು ಆರಿಸುವುದು ಹೇಗೆ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದು ಬಹಿರಂಗ ಪರೀಕ್ಷೆ. ಹೆಸರು ಮುಂದಿಟ್ಟ ಮೇಲೆ ಏಳು ದಿನ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅಭ್ಯರ್ಥಿ ವರ್ಷಗಳ ಹಿಂದೆ ಬರೆದ ಒಂದು ಕಡು ಮಾತನ್ನೂ ಹುಡುಕಿ ತರುತ್ತಾರೆ. ಬೆಂಬಲ ಶೇ 75 ದಾಟಿದರೆ ಸಾಮಾನ್ಯವಾಗಿ ಆಯ್ಕೆ. ಶೇ 65 ಮತ್ತು 75ರ ನಡುವೆ ಇದ್ದರೆ ‘ಬ್ಯೂರೋಕ್ರಾಟ್’ ಎಂಬ ಹಿರಿಯ ಬಳಕೆದಾರರು ವಾದಗಳನ್ನು ಓದಿ ತೀರ್ಮಾನ ಹೇಳುತ್ತಾರೆ.

ನಿರ್ವಾಹಕರಾಗುವುದು ದೊಡ್ಡ ಸಂಗತಿಯೇನೂ ಆಗಬಾರದು ಎಂದು ವೇಲ್ಸ್ 2003ರಲ್ಲೇ ಬರೆದಿದ್ದರು. ಆದರೆ ಆಗಿದ್ದು ಬೇರೆ. ಪರೀಕ್ಷೆ ವರ್ಷ ವರ್ಷಕ್ಕೆ ಕಠಿಣವಾಯಿತು. ಒಳ್ಳೆಯವರೂ ಈ ಏಳು ದಿನಗಳ ಬೈಗುಳಕ್ಕೆ ಹೆದರಿ ಮುಂದೆ ಬರುವುದನ್ನೇ ಬಿಟ್ಟರು. ಅದಕ್ಕೆ 2024ರ ಅಕ್ಟೋಬರ್‌ನಲ್ಲಿ ಗುಪ್ತ ಮತದಾನದ ಚುನಾವಣೆಯನ್ನು ಪ್ರಯೋಗ ಮಾಡಿ ನೋಡಿದರು. ಯಾರು ಯಾರ ವಿರುದ್ಧ ಹಾಕಿದರು ಎಂದು ಗೊತ್ತಾಗುವುದಿಲ್ಲ, ಹಾಗಾಗಿ ಮುಖ ಕೆಡುವುದಿಲ್ಲ. ಆದರೆ ಯಾಕೆ ಬೇಡ ಎಂದರು ಎಂಬುದೂ ಗೊತ್ತಾಗುವುದಿಲ್ಲ. ಬಹಿರಂಗ ಚರ್ಚೆಯಲ್ಲಿ ಕಾರಣ ಸಿಗುತ್ತದೆ, ಗುಪ್ತ ಮತದಲ್ಲಿ ನೆಮ್ಮದಿ ಸಿಗುತ್ತದೆ. ಎರಡೂ ಒಟ್ಟಿಗೆ ಸಿಗುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಬೇರೆ ಕಡೆ ಬೇರೆ ರೀತಿ. ಸಾಫ್ಟ್‌ವೇರ್ ಬರೆಯುವವರು ಬಳಸುವ ಸ್ಟಾಕ್ ಓವರ್‌ಫ್ಲೋದಲ್ಲಿ ಮಾಡರೇಟರ್‌ಗಳನ್ನು ಚುನಾಯಿಸುತ್ತಾರೆ. ಒಳ್ಳೆಯ ಪ್ರಶ್ನೆ, ಒಳ್ಳೆಯ ಉತ್ತರ ಬರೆದು ಒಂದಿಷ್ಟು ಅಂಕ ಗಳಿಸಿದವರಿಗೆ ಮಾತ್ರ ಮತ. ಮೊದಲ ಆಯ್ಕೆ ಯಾರು, ಎರಡನೆಯದು ಯಾರು ಎಂದು ಕ್ರಮವಾಗಿ ಗುರುತಿಸಬೇಕು.

ನನಗೆ ಬಹಳ ಇಷ್ಟವಾದ ಪದ್ಧತಿ ಸ್ಲ್ಯಾಶ್‌ಡಾಟ್ ಎಂಬ ಅಮೆರಿಕದ ತಂತ್ರಜ್ಞಾನ ಸುದ್ದಿತಾಣದ್ದು. 1990ರ ದಶಕದ ಕೊನೆಯಲ್ಲೇ ಅವರು ಇದನ್ನು ರೂಪಿಸಿದರು. ಅಲ್ಲಿ ಚುನಾವಣೆಯೂ ಇಲ್ಲ, ನೇಮಕವೂ ಇಲ್ಲ. ದಿನಾ ಬಂದು ಓದುವವರಲ್ಲಿ ಕೆಲವರಿಗೆ ಚೀಟಿ ಎತ್ತಿದ ಹಾಗೆ ಐದು ಅಂಕ ಸಿಗುತ್ತಿತ್ತು. ಮೂರು ದಿನದೊಳಗೆ ಅವನ್ನು ಖರ್ಚು ಮಾಡಿ, ಒಳ್ಳೆಯ ಮಾತನ್ನು ಮೇಲೆತ್ತಬೇಕು, ಕೆಟ್ಟದ್ದನ್ನು ಇಳಿಸಬೇಕು. ಆದರೆ ಒಂದು ಚರ್ಚೆಯಲ್ಲಿ ನೀವು ಅಂಕ ಕೊಟ್ಟರೆ ಅಲ್ಲಿ ಮಾತಾಡುವ ಹಾಗಿಲ್ಲ. ಮಾತಾಡಿದರೆ ಕೊಟ್ಟ ಅಂಕ ವಾಪಸ್. ಹೀಗೆ ಮಾಡಿದ್ದರಿಂದ ಯಾರೂ ಕಾಯಂ ಯಜಮಾನರಾಗಲು ಆಗಲಿಲ್ಲ.

## ಚಿಕ್ಕ ಭಾಷೆಗಳ ಕಷ್ಟ ಬೇರೆ

ಈ ಯಾವ ಪದ್ಧತಿಯೂ ಕೆಲಸ ಮಾಡಬೇಕಾದರೆ ಸಾಕಷ್ಟು ಜನ ಬೇಕು. ಇಂಗ್ಲಿಷಿನಲ್ಲಿ ಒಬ್ಬರು ತಪ್ಪಿದರೆ ಹಿಡಿಯಲು ನೂರಾರು ನಿರ್ವಾಹಕರಿದ್ದಾರೆ. ಕನ್ನಡ, ತುಳುವಿನಂಥ ಕಡೆ ಬೆರಳೆಣಿಕೆಯ ಜನ ಎಲ್ಲವನ್ನೂ ನೋಡಿಕೊಳ್ಳಬೇಕು. ಅವರಲ್ಲಿ ಹೆಚ್ಚಿನವರು ಕೆಲಸ ಮುಗಿಸಿ ರಾತ್ರಿ ಕೂತು ಇದನ್ನು ಮಾಡುವವರು. ತುಳು ವಿಕಿಪೀಡಿಯ 2016ರಲ್ಲಿ ಸ್ವತಂತ್ರವಾಗುವ ಮೊದಲು ಇಂಥ ಕೆಲವೇ ಜನ ಅದನ್ನು ವರ್ಷಗಟ್ಟಲೆ ಸಾಕಿದ್ದರು.

ಜನ ಕಮ್ಮಿ ಇದ್ದಲ್ಲಿ ಏನಾಗಬಹುದು ಎಂಬುದಕ್ಕೆ ಎರಡು ನಿಜ ಘಟನೆಗಳಿವೆ.

ಮೊದಲನೆಯದು ಕ್ರೊಯೇಷಿಯಾದ್ದು. ಕ್ರೊಯೇಷಿಯನ್ ವಿಕಿಪೀಡಿಯ ಸುಮಾರು ಒಂದು ದಶಕ ಒಂದು ಸಣ್ಣ ಗುಂಪಿನ ನಿರ್ವಾಹಕರ ಹಿಡಿತದಲ್ಲಿತ್ತು. ಎರಡನೇ ಮಹಾಯುದ್ಧದ ಕಾಲದ ಹತ್ಯಾಶಿಬಿರಗಳಂಥ ವಿಷಯಗಳಲ್ಲಿ ಇತಿಹಾಸವನ್ನು ಮೆತ್ತಗೆ ಮಾಡಿ, ತಿರುಚಿ ಬರೆದರು. ಪ್ರಶ್ನೆ ಮಾಡಿದವರನ್ನು ಹೊರಗೆ ಹಾಕಿದರು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ಬಳಸಬೇಡಿ ಎಂದು ಹೇಳಬೇಕಾಯಿತು. ಕೊನೆಗೆ 2020ರ ನಂತರವೇ ಆ ಹಿಡಿತ ಸಡಿಲವಾಯಿತು. 2021ರಲ್ಲಿ ವಿಕಿಪೀಡಿಯ ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ ಇದರ ಬಗ್ಗೆ ವರದಿ ಹೊರತಂದಿತು. ಇಲ್ಲಿ ನಡೆದದ್ದು ಇಷ್ಟೇ: ನಿರ್ವಾಹಕರನ್ನು ಆರಿಸುವವರೂ ಅವರೇ, ತೆಗೆದುಹಾಕುವ ಅಧಿಕಾರ ಇರುವವರೂ ಅವರೇ, ದೂರು ಕೇಳುವವರೂ ಅವರೇ.

ಎರಡನೆಯದರಲ್ಲಿ ಕೆಟ್ಟ ಉದ್ದೇಶವೇ ಇರಲಿಲ್ಲ. ಸ್ಕಾಟ್‌ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಸಾವಿರಾರು ಲೇಖನ ಬರೆದವರು ಆ ಭಾಷೆ ಬಾರದ ಒಬ್ಬ ಅಮೆರಿಕನ್ ಹುಡುಗ ಎಂದು 2020ರ ಆಗಸ್ಟ್‌ನಲ್ಲಿ ಬಯಲಾಯಿತು. ಇಂಗ್ಲಿಷ್ ವಾಕ್ಯದಲ್ಲಿ ಅಲ್ಲಲ್ಲಿ ಸ್ಕಾಟ್ಸ್ ಪದ ಸೇರಿಸಿ ಬರೆದಿದ್ದ. ಅಲ್ಲಿ ಆತ ನಿರ್ವಾಹಕನೂ ಆಗಿದ್ದ. ಹುಡುಗ ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದ. ತಪ್ಪು ತೋರಿಸಬಲ್ಲ, ಭಾಷೆ ಬಲ್ಲ ಜನ ಅಲ್ಲಿ ಸುಳಿಯುತ್ತಲೇ ಇರಲಿಲ್ಲ.

ಇದನ್ನು ತಡೆಯಲು ಚಿಕ್ಕ ವಿಕಿಪೀಡಿಯಗಳಲ್ಲಿ ಒಂದು ವ್ಯವಸ್ಥೆ ಇದೆ. ಸ್ಥಳೀಯವಾಗಿ ಸಾಕಷ್ಟು ಜನ ಮತ ಹಾಕದಿದ್ದರೆ, ಎಲ್ಲ ಭಾಷೆಗಳನ್ನೂ ನೋಡಿಕೊಳ್ಳುವ ‘ಸ್ಟೀವರ್ಡ್’ಗಳು ಕೆಲವು ತಿಂಗಳ ಮಟ್ಟಿಗೆ ಮಾತ್ರ ನಿರ್ವಾಹಕ ಹಕ್ಕು ಕೊಡುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ಸಮುದಾಯವನ್ನು ಕೇಳಬೇಕು. ಅವಧಿ ಎಂಬುದು ಚಿಕ್ಕ ಮಾತಿನ ಹಾಗೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ಅದೇ ಮುಖ್ಯ.

## ಪದವಿ ಹೇಳಿದರೆ ಸಾಲದು ಏಕೆ

ಈಗ ನಮ್ಮ ಪ್ರಾಧ್ಯಾಪಕರ ಕಡೆ ಬರೋಣ. ಮೂವತ್ತು ವರ್ಷ ಪಾಠ ಮಾಡಿದವರ ಮಾತನ್ನು ಸುಮ್ನೆ ಒಪ್ಪಿಕೊಂಡರೆ ಏನು ತೊಂದರೆ?

ತೊಂದರೆ ಏನೆಂಬುದು 2007ರಲ್ಲಿ ಎಲ್ಲರಿಗೂ ಗೊತ್ತಾಯಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಎಸ್‌ಜೇ’ ಎಂಬ ಹೆಸರಿನ ಬಳಕೆದಾರರಿದ್ದರು. ಧರ್ಮಶಾಸ್ತ್ರದ ಪ್ರಾಧ್ಯಾಪಕ, ಡಾಕ್ಟರೇಟ್ ಪಡೆದವನು ಎಂದು ಹೇಳಿಕೊಂಡಿದ್ದರು. ನಿರ್ವಾಹಕರಾಗಿ, ಅದಕ್ಕಿಂತ ಮೇಲಿನ ಹುದ್ದೆಗಳಿಗೂ ಏರಿದರು. ಒಂದು ಚರ್ಚೆಯಲ್ಲಂತೂ ತಾವು ಎತ್ತಿ ಹೇಳಿದ ಪುಸ್ತಕ ನಂಬಲರ್ಹ ಎಂದು ತೋರಿಸಲು, ತಮಗೆ ಇಲ್ಲದ ಪಿಎಚ್‌ಡಿಯನ್ನೇ ಸಾಕ್ಷಿಯಾಗಿ ಇಟ್ಟಿದ್ದರು. ‘ನ್ಯೂಯಾರ್ಕರ್’ ಪತ್ರಿಕೆ 2006ರಲ್ಲಿ ಅವರನ್ನು ಪ್ರಾಧ್ಯಾಪಕರೆಂದೇ ಪರಿಚಯಿಸಿತು. ಆಮೇಲೆ ಪತ್ರಿಕೆ ತಿದ್ದುಪಡಿ ಹಾಕಬೇಕಾಯಿತು. ಅವರು 24 ವರ್ಷದ ಯುವಕ, ಅಂಥ ಪದವಿ ಯಾವುದೂ ಇರಲಿಲ್ಲ.

ಇದಾದ ಮೇಲೆ ಪದವಿ ಪರಿಶೀಲಿಸುವ ವ್ಯವಸ್ಥೆ ತರೋಣ ಎಂದು ವೇಲ್ಸ್ ಸೂಚಿಸಿದರು. ಸಮುದಾಯ ಒಪ್ಪಲಿಲ್ಲ. ಪದವಿ ನಿಜವೋ ಸುಳ್ಳೋ ಎಂದು ನೋಡಲು ಹೊರಟರೆ ಮತ್ತೆ ಪದವಿಗೇ ಬೆಲೆ ಕೊಟ್ಟ ಹಾಗಾಗುತ್ತದೆ ಎಂಬುದು ಅಲ್ಲಿ ಕೇಳಿಬಂದ ವಾದ. ಪದವಿ ಇರಲಿ, ಇಲ್ಲದಿರಲಿ, ಆಧಾರ ತೋರಿಸಿ ಎಂಬ ಹಳೆಯ ನಿಯಮವೇ ಉಳಿಯಿತು.

ಇದರಿಂದ ನಿಜವಾದ ತಜ್ಞರಿಗೂ ನೋವಾಗುತ್ತದೆ, ಅದನ್ನು ಮುಚ್ಚಿಡಬಾರದು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಹವಾಮಾನ ವಿಜ್ಞಾನಿಯೊಬ್ಬರು ಭೂಮಿ ಬಿಸಿಯಾಗುತ್ತಿರುವ ಬಗೆಗಿನ ಪುಟಗಳಲ್ಲಿ, ಆ ವಿಜ್ಞಾನವನ್ನೇ ಒಪ್ಪದವರ ಜೊತೆ ದಿನಾ ಗುದ್ದಾಡಬೇಕಾಯಿತು. 2005ರಲ್ಲಿ ವಿಕಿಪೀಡಿಯದ ಪಂಚಾಯ್ತಿ ಸಮಿತಿ ಅವರಿಗೇ ನಿರ್ಬಂಧ ಹಾಕಿತು: ಬೇರೆಯವರ ಬದಲಾವಣೆಯನ್ನು ದಿನಕ್ಕೆ ಒಂದೇ ಸಲ ರದ್ದು ಮಾಡಬಹುದು. ಅವರ ವಿಜ್ಞಾನ ತಪ್ಪು ಎಂದು ಯಾರೂ ಹೇಳಲಿಲ್ಲ, ನಡೆದುಕೊಂಡ ರೀತಿಯ ಬಗ್ಗೆ ತಕರಾರು. ಆಮೇಲೆ ಆ ನಿರ್ಬಂಧ ತೆಗೆದರು. 2012ರಲ್ಲಿ ಅಮೆರಿಕದ ಹೆಸರಾಂತ ಕಾದಂಬರಿಕಾರರೊಬ್ಬರಿಗೆ ಇನ್ನೂ ವಿಚಿತ್ರವಾದ ಅನುಭವವಾಯಿತು. ತಮ್ಮದೇ ಕಾದಂಬರಿಯ ಪಾತ್ರಕ್ಕೆ ಪ್ರೇರಣೆ ಯಾರು ಎಂಬ ತಪ್ಪನ್ನು ತಿದ್ದಲು ಹೋದರೆ, ಬೇರೆ ಪ್ರಕಟಿತ ಆಧಾರ ಬೇಕು ಎಂಬ ಉತ್ತರ ಬಂತು. ಅವರು ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಆ ಪತ್ರವೇ ಆಧಾರವಾಗಿ ಪುಟ ತಿದ್ದುಪಡಿಯಾಯಿತು.

ಕೇಳಲು ಕಿರಿಕಿರಿ ಎನಿಸುತ್ತದೆ. ಆದರೆ ಪರದೆಯ ಆ ಕಡೆ ಕೂತವರು ನಿಜವಾಗಿ ಆ ಲೇಖಕರೇ ಹೌದೋ ಅಲ್ಲವೋ ಎಂದು ಓದುಗರಿಗೆ ತಿಳಿಯುವುದು ಹೇಗೆ? ಅಚ್ಚಾದ ಪತ್ರವಾದರೆ ಯಾರು ಬೇಕಾದರೂ ತೆಗೆದು ನೋಡಬಹುದು.

## ತೂಗುವುದು ಹೇಗೆ

ತಜ್ಞರ ಮಾತಿಗೆ ‘ತೂಕ’ ಕೊಡುವುದು ಎಂದರೆ, ಒಂದು ಅಭಿಪ್ರಾಯಕ್ಕೆ ಪುಟದಲ್ಲಿ ಎಷ್ಟು ಜಾಗ, ಯಾವ ಧ್ವನಿ ಕೊಡಬೇಕು ಎಂದು ನಿರ್ಧರಿಸುವುದು. ಎಲ್ಲಕ್ಕೂ ಸಮಪಾಲು ಕೊಡುವುದು ಇದರ ಅರ್ಥವಲ್ಲ. ಭೂಮಿ ಚಪ್ಪಟೆ ಎನ್ನುವವರಿಗೆ ಭೂಗೋಳದ ಪುಟದಲ್ಲಿ ಅರ್ಧ ಜಾಗ ಕೊಟ್ಟರೆ ಅದು ನ್ಯಾಯವಾಗುವುದಿಲ್ಲ. ಆ ಕ್ಷೇತ್ರದ ನಂಬಲರ್ಹ ಪ್ರಕಟಣೆಗಳಲ್ಲಿ ಆ ಅಭಿಪ್ರಾಯಕ್ಕೆ ಎಷ್ಟು ಮನ್ನಣೆ ಇದೆಯೋ ಇಲ್ಲಿಯೂ ಅಷ್ಟೇ.

ನಮ್ಮ ಶಾಸನಗಳಿಗೆ ಇದನ್ನು ಹಚ್ಚಿ ನೋಡೋಣ. ಹಲ್ಮಿಡಿಯ ಕಲ್ಲಿನ ಮೇಲೆ ಇಸವಿ ಇಲ್ಲ. ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವನ್ನೆಲ್ಲ ನೋಡಿ ಕಾಲವನ್ನು ಅಂದಾಜು ಮಾಡುತ್ತಾರೆ. ಹಾಗಾಗಿ ವಿದ್ವಾಂಸರ ಲೆಕ್ಕಗಳಲ್ಲಿ ಅಂತರ ಬರುವುದು ಸಹಜ. ಪುಟ ತಿದ್ದುವವರು ಮೊದಲು ನೋಡಬೇಕಾದ್ದು, ಮಾತಾಡುತ್ತಿರುವವರು ಇದೇ ಕ್ಷೇತ್ರದವರೇ ಎಂದು. ಹೃದಯ ತಜ್ಞರು ಶಾಸನದ ಬಗ್ಗೆ ಹೇಳಿದರೆ ಅದು ಆಸಕ್ತ ಓದುಗರ ಮಾತು, ಅಷ್ಟೇ. ಆಮೇಲೆ, ಅವರು ಅದನ್ನು ಎಲ್ಲಿ ಹೇಳಿದರು? ಉಳಿದ ವಿದ್ವಾಂಸರು ಓದಿ ಪ್ರಶ್ನಿಸಬಹುದಾದ ಸಂಶೋಧನಾ ಲೇಖನದಲ್ಲೋ, ಸಭೆಯ ಭಾಷಣದಲ್ಲೋ, ಪತ್ರಿಕೆಯ ಒಂದು ಸಾಲಿನ ಹೇಳಿಕೆಯಲ್ಲೋ? ಬೇರೆ ತಜ್ಞರು ಅದನ್ನು ಒಪ್ಪಿದ್ದಾರೆಯೇ, ಎದುರಾಡಿದ್ದಾರೆಯೇ?

ಇಷ್ಟು ನೋಡಿದ ಮೇಲೆ ಪುಟದ ವಾಕ್ಯವೇ ಬದಲಾಗುತ್ತದೆ. ‘ಕನ್ನಡದ ಮೊದಲ ಶಾಸನ ಇದು’ ಎಂಬ ಒಂದೇ ಸಾಲಿನ ಬದಲು, ಹಲ್ಮಿಡಿಯನ್ನು ಬಹುಕಾಲ ಮೊದಲನೆಯದೆಂದು ಪರಿಗಣಿಸಿದ್ದರು, ತಾಳಗುಂದದ ಶಾಸನ ಅದಕ್ಕಿಂತ ಹಳೆಯದೆಂದು ಪುರಾತತ್ವ ಇಲಾಖೆಯ ಅಭಿಪ್ರಾಯ ಎಂದು ಬರೆಯಬಹುದು. ಯಾರ ಮಾತು ಎಂಬುದು ವಾಕ್ಯದ ಒಳಗೇ ಇರುತ್ತದೆ. ನಮ್ಮ ಪ್ರಾಧ್ಯಾಪಕರ ಜ್ಞಾನ ವ್ಯರ್ಥವಾಗುವುದಿಲ್ಲ. ಯಾವ ಲೇಖನ ಓದಬೇಕು, ಯಾವುದು ಹಳತಾಗಿದೆ, ಯಾವ ವಾದ ಯಾವಾಗ ಬಿದ್ದುಹೋಯಿತು ಎಂದು ಅವರಷ್ಟು ಬೇಗ ಹೇಳಬಲ್ಲವರು ಅಲ್ಲಿ ಬೇರೆ ಯಾರೂ ಇರುವುದಿಲ್ಲ.

## ತಕ್ಕಡಿಗೆ ಸಿಗದ ಜ್ಞಾನ

ಈ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆ ಇದೆ. ಅಚ್ಚಾಗದ ಜ್ಞಾನಕ್ಕೆ ಇಲ್ಲಿ ತೂಕವೇ ಇಲ್ಲ. ಕುಂಬಾರರ ಅಜ್ಜಿಗೆ ಮಣ್ಣಿನ ಬಗ್ಗೆ ಗೊತ್ತಿರುವುದು, ಭೂತಕೋಲದ ಪಾಡ್ದನ ಎಂಬ ಹಾಡುಕಥೆ ಬಾಯಿಪಾಠ ಇರುವವರಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ಅವರು ತಜ್ಞರಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಆದರೂ ಅವರ ಮಾತನ್ನು ಯಾರಾದರೂ ದಾಖಲಿಸಿ ಪ್ರಕಟಿಸುವ ತನಕ ಪುಟಕ್ಕೆ ಸೇರಿಸಲು ಆಗುವುದಿಲ್ಲ.

ಅಚ್ಚಾದದ್ದೂ ಕೈಗೆ ಸಿಗಬೇಕಲ್ಲ. ಕನ್ನಡದ ಎಷ್ಟೋ ಒಳ್ಳೆಯ ಸಂಶೋಧನೆ ಹಳೆಯ ಸ್ಮರಣ ಸಂಚಿಕೆಗಳಲ್ಲಿ, ಮರುಮುದ್ರಣವಾಗದ ಪುಸ್ತಕಗಳಲ್ಲಿ ಕೂತಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ಇದೇ ಕಾರಣಕ್ಕೆ ಬಹಳ ದೊಡ್ಡ ಉಪಕಾರ. ಹಳೆಯ ಪುಸ್ತಕ ಸ್ಕ್ಯಾನ್ ಮಾಡುವವರು, ವಿಕಿಪೀಡಿಯದ ಸೋದರ ತಾಣವಾದ ಪುಸ್ತಕ ಭಂಡಾರ ವಿಕಿಸೋರ್ಸ್‌ನಲ್ಲಿ ಅಕ್ಷರ ತಿದ್ದುವವರು ಮಾಡುತ್ತಿರುವುದೂ ಇದೇ ಕೆಲಸ.

## ಪುಟದ ಹಿಂದೆ ಇಣುಕುವುದು

ಇದನ್ನೆಲ್ಲ ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ಯಾವುದೇ ಪುಟ ತೆರೆಯಿರಿ. ಮೇಲ್ಗಡೆ ‘ಚರ್ಚೆ’ ಎಂಬ ಕೊಂಡಿ ಇರುತ್ತದೆ. ಪುಟದ ಇತಿಹಾಸ ತೋರಿಸುವ ಕೊಂಡಿಯೂ ಇರುತ್ತದೆ. ಇತಿಹಾಸದಲ್ಲಿ ಯಾವ ಬದಲಾವಣೆಯನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಮಾಡಿದರು ಎಂದು ಸಾಲಾಗಿ ಕಾಣುತ್ತದೆ. ಒಂದೇ ಸಾಲು ಹಿಂದೆ ಮುಂದೆ ಆಗುತ್ತಿದ್ದರೆ ಅಲ್ಲಿ ಜಗಳವಿದೆ ಎಂದು ಅರ್ಥ.

ಇಡೀ ಸಮುದಾಯದ ಮಾತುಕತೆಗೆ ಬೇರೆ ಜಾಗವಿದೆ. ಅದಕ್ಕೆ ನಮ್ಮವರು ಇಟ್ಟಿರುವ ಹೆಸರು ‘ಅರಳಿ ಕಟ್ಟೆ’. ನಿರ್ವಾಹಕರ ಆಯ್ಕೆಯಂಥ ವಿಷಯ ಬಂದಾಗ ಅದರ ಸುದ್ದಿ ಅಲ್ಲಿ ಸಿಗುತ್ತದೆ. ಅಲ್ಲಿ ಕೂರಲು ಪ್ರಾಧ್ಯಾಪಕರೇ ಆಗಬೇಕಿಲ್ಲ. ಒಂದು ಖಾತೆ ಮಾಡಿಕೊಂಡು, ಹೇಳಬೇಕಾದ್ದನ್ನು ಆಧಾರದ ಜೊತೆ ಬರೆದು, ಕೊನೆಗೆ ಕೀಬೋರ್ಡಿನಲ್ಲಿ ನಾಲ್ಕು ಸಲ ಟಿಲ್ಡೆ (~) ಗುರುತು ಒತ್ತಿದರೆ ನಿಮ್ಮ ಸಹಿ ಮತ್ತು ಸಮಯ ತಾನಾಗಿಯೇ ಬೀಳುತ್ತದೆ.